ಮೂರು ಕೆಂಪು ಗೀಟು

ಅಕ್ಕಾತಾಯಿಯ ಕಾರ್ಡಿನಲ್ಲಿ ನಾನು ತಪ್ಪು ಬರೆದೆ ಎಂದು ಇವತ್ತಿನವರೆಗೂ ಯಾರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಮೊದಲೇ ಜೋರು. ಒಬ್ಬರು ಒಂದಂದರೆ ತಿರುಗಿ ನಾಲ್ಕು ಅಂದು, ಅತ್ತು, ಮುಖ ತೊಳೆದುಕೊಂಡು ಹಗುರಾಗುತ್ತಿದ್ದೆ. ಯಾರೂ ಏನೂ ಅನ್ನದಿದ್ದರೆ ಮನುಷ್ಯಳಾದವಳು ಯಾರ ಜೊತೆ ಜಗಳಾಡಬೇಕು ಹೇಳಿ?

ನಾನು ಗಂಗಾದೇವಿ, ನರ್ಸು. ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ಎಂಬತ್ನಾಲ್ಕನೇ ಇಸವಿಯ ಜನವರಿಯಲ್ಲಿ ನಮ್ಮ ಊರಲ್ಲಿ ಒಂದು ಹೊಸ ಸೂಜಿಯ ಪರೀಕ್ಷೆ ಶುರುವಾಯಿತು. ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಹೆಂಗಸು ಬಸಿರಾಗುವುದಿಲ್ಲ ಎನ್ನುವ ಸೂಜಿ. ಅದನ್ನು ನಡೆಸುತ್ತಿದ್ದವರು ಬಾಳಾಸಾಹೇಬ ಡಾಕ್ಟರು. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು, ಆದರೆ ಕಾಗದದ ಮೇಲೆ ಭಾರೀ ಪ್ರೀತಿ. ಸೂಜಿ ತೆಗೆದುಕೊಂಡ ಪ್ರತಿ ಹೆಂಗಸಿಗೂ ಒಂದು ಕಾರ್ಡು ಮಾಡಿಸಿದ್ದರು. ಅದರಲ್ಲಿ ತಿಂಗಳಿಗೆ ಮೂವತ್ತೊಂದು ಚೌಕದ ಮನೆ, ಮುಟ್ಟಿನ ರಕ್ತ ಬಂದ ಒಂದೊಂದು ದಿನಕ್ಕೆ ಒಂದೊಂದು ಕೆಂಪು ಗೀಟು. “ಸೂಜಿ ಯಾರರೆ ಚುಚ್ಚತಾರ್ರಿ ಗಂಗಾದೇವಿ. ಈ ಗೀಟ ಅದಾವಲ್ಲ, ಇವ ನಮ್ಮ ಖರೇ ಕೆಲಸ,” ಎನ್ನುತ್ತಿದ್ದರು.

ಗಂಡಸರಿಗೂ ಏನೋ ಬರಲಿದೆ ಎಂದು ಅವರಿಗೆ ಆಸೆಯಿತ್ತು. ವಡಗಾವಿಯ ನೇಕಾರರ ಓಣಿಯಲ್ಲಿ ಒಂದು ಸಭೆ ಕರೆದು, ಯಾವುದೋ ದೇಶದಲ್ಲಿ ಹತ್ತಿಕಾಳಿನಿಂದ ಗಂಡಸರ ಗುಳಿಗೆ ಮಾಡುತ್ತಿದ್ದಾರಂತೆ, ಇಲ್ಲಿಗೆ ಪರೀಕ್ಷೆ ಬಂದರೆ ಯಾರು ಯಾರು ಹೆಸರು ಕೊಡುತ್ತೀರಿ ಎಂದು ಕೇಳಿದರು. ಮಗ್ಗದ ಸಿದ್ದಪ್ಪ ಎದ್ದು ನಿಂತ.

“ಹತ್ತಿಕಾಳ ನಮ್ಮ ಎಮ್ಮಿಗೆ ದಿನಾ ಹಾಕ್ತೇವ್ರಿ ಸಾಹೇಬ್ರ. ವರ್ಷಕ್ಕೊಂದು ಕರಾ ಹಾಕೂದ ತಪ್ಪಿಲ್ಲ ಅದಕ್ಕ.”

ಓಣಿಯೆಲ್ಲ ನಕ್ಕಿತು. ಡಾಕ್ಟರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. “ಎಮ್ಮಿಗಲ್ಲೋ ಸಿದ್ದಪ್ಪಾ, ಕ್ವಾಣಕ್ಕ ಹಾಕಿ ನೋಡು!” ಎಂದೆ. ಆಗ ಹಿಂದೆ ನಿಂತಿದ್ದ ಹೆಂಗಸರು ನಕ್ಕರು. ಅವತ್ತು ಏಳು ಗಂಡಸರು ಹೆಸರು ಬರೆಸಿದರು. ಮುಂದಿನ ವಾರ ರಕ್ತ ತಪಾಸಣೆಗೆ ಬನ್ನಿ ಎಂದರೆ ಒಬ್ಬನೂ ಬರಲಿಲ್ಲ. ಹೋಗಲಿ ಬಿಡಿ. ಬಂದವರೆಲ್ಲ ಹೆಂಗಸರೇ.

ನನಗೆ ಖಾನಾಪುರ ಕೊಟ್ಟಿದ್ದರು. ಪ್ರತಿ ಗುರುವಾರ ಬಸ್ಸು ಹತ್ತಿ ಹೋಗುವುದು, ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ ಸೂಜಿ ಹಾಕುವುದು, ಮನೆಮನೆ ತಿರುಗಿ ಕಾರ್ಡು ತುಂಬುವುದು. ಅರವತ್ತೊಂದು ಹೆಂಗಸರು. ಅವರಲ್ಲಿ ಒಬ್ಬಳು ಅಕ್ಕಾತಾಯಿ. ಜೈನರ ಸೊಸೆ, ಇಪ್ಪತ್ತೆಂಟು ವರ್ಷ. ಗಂಡ ಉತ್ತಮನದು ಊರ ಹೊರಗೆ ಹಂಚಿನ ಭಟ್ಟಿ. ಮೂರು ಹೆಣ್ಣು ಮಕ್ಕಳು. ಹಿಂದಿನ ಎರಡು ಹೆರಿಗೆ ಹೊಟ್ಟೆ ಕೊಯ್ದು ಮಾಡಿದ್ದು.

ಮೂರನೆಯ ಹೆರಿಗೆಗೆ ಕೊಯ್ದ ಡಾಕ್ಟರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರಂತೆ. ಒಳಗಿನ ಹೊಲಿಗೆ ಹಳೆ ಧೋತರದ ಹಾಗೆ ಜಾಳಾಗಿದೆ, ಇನ್ನೊಮ್ಮೆ ಬಸಿರಾಗಿ ಹೆರಿಗೆ ಬ್ಯಾನಿ ಶುರುವಾದರೆ ಹರಿದುಹೋಗುತ್ತದೆ, ಆಕೆ ಉಳಿಯುವುದಿಲ್ಲ, ಈಗಲೇ ಆಪರೇಶನ್ ಮಾಡಿಬಿಡುತ್ತೇನೆ, ಗಂಡನ ಸಹಿ ಬೇಕು. ಉತ್ತಮ ಪೆನ್ನು ತೆಗೆದು ತಾಯಿಯ ಮುಖ ನೋಡಿದ. ತಾಯಿ ಶಾಂತಾಬಾಯಿ, “ದೇವರು ಎರಡ ಸಲ ಉಳಿಸ್ಯಾನ. ಒಂದು ಗಂಡು ಕೊಟ್ಟ ಮ್ಯಾಲೆ ಏನ ಬೇಕಾದ್ದು ಮಾಡ್ರಿ,” ಎಂದಳು. ಉತ್ತಮ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ.

ಇದನ್ನೆಲ್ಲ ಅಕ್ಕಾತಾಯಿ ನನಗೆ ಮೊದಲ ಗುರುವಾರವೇ ಹೇಳಿದಳು. ಸಣ್ಣ ಮಗಳಿಗೆ ಡೋಸು ಹಾಕಿಸುವ ನೆಪ ಮಾಡಿಕೊಂಡು ಬಂದಿದ್ದಳು.

“ಅಕ್ಕಾರ, ಈ ಸೂಜಿಗೂ ಅವರ ಸಹಿ ಬೇಕೇನ್ರಿ?”

“ಬ್ಯಾಡ. ನಿಂದೊಂದ ಸಾಕು.”

“ನಂದೊಂದ?” ಎಂದು ಎರಡು ಸಲ ಕೇಳಿದಳು. ಮರಾಠಿ ಸಾಲಿ ಕಲಿತವಳು, ಕಾಗದದ ತಳಕ್ಕೆ ದುಂಡಗೆ ಮರಾಠಿಯಲ್ಲಿ ಹೆಸರು ಬರೆದಳು. ಬರೆದು ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತಳು. ನನಗೆ ಅವಳ ಮೇಲೆ ಆವತ್ತೇ ಪ್ರೀತಿ ಬಂತು, ಏನು ಮಾಡಲಿ.

ಈ ಸೂಜಿಯದೊಂದು ಚಾಳಿಯಿತ್ತು. ಕೆಲವರಿಗೆ ಇಪ್ಪತ್ತು ದಿನ ರಕ್ತ ಹೋಗುವುದು, ಕೆಲವರಿಗೆ ಮುಟ್ಟು ಪೂರ್ತಿ ನಿಲ್ಲುವುದು. “ನಿಂತರ ಗಾಬರಿ ಆಗಬ್ಯಾಡ್ರಿ, ಸೂಜಿ ಕೆಲಸ ಮಾಡಾಕತ್ತೈತಿ ಅಂತ ತಿಳೀರಿ,” ಎಂದು ಎಲ್ಲರಿಗೂ ಹೇಳಿದ್ದೆ. ಅಕ್ಕಾತಾಯಿಗೂ ಹೇಳಿದ್ದೆ. ಆಮೇಲಿನದು ಕೇಳಿ.

ನಾನು ಲಿಂಗಾಯತರ ಮಗಳು. ಕೊರಳಲ್ಲಿ ಲಿಂಗ ಇದ್ದ ಮೇಲೆ ಮುಟ್ಟಿನ ಮೈಲಿಗೆ ಎಲ್ಲಿಯದು? ನಮ್ಮವ್ವ ಶಿವಬಸವ್ವ ಆ ದಿನಗಳಲ್ಲೂ ರೊಟ್ಟಿ ಬಡಿದಳು, ಪೂಜೆ ಮಾಡಿದಳು. ನಾನೂ ಹಾಗೇ. ಹಾಗಾಗಿ ನಮ್ಮವರ ಮನೆಗಳಲ್ಲಿ ಯಾರು ಯಾವಾಗ ಮುಟ್ಟಾಗಿದ್ದಾರೆ ಎಂದು ನೋಡಿ ತಿಳಿಯುವ ಹಾದಿಯೇ ಇಲ್ಲ. ಒಬ್ಬೊಬ್ಬಳನ್ನೂ ಬಾಜೂಕ್ಕೆ ಕರೆದು ಕೇಳಬೇಕು, ಕೇಳುತ್ತಿದ್ದೆ. ಅಕ್ಕಾತಾಯಿಯ ಮನೆಯಲ್ಲಿ ಹಾಗಲ್ಲ. ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಬೇರೆ ಚಾಪೆ, ಬೇರೆ ತಾಟು, ನಾಲ್ಕನೆಯ ದಿನ ತಲೆಯ ಮೇಲೆ ನೀರು. ಬಾಗಿಲಲ್ಲಿ ನಿಂತರೇ ಕಾಣುತ್ತದೆ. ಶಾಂತಾಬಾಯಿಯ ಎದುರಿಗೆ ಬಾಯಿ ಬಿಟ್ಟು ಕೇಳುವ ಹಾಗಿರಲಿಲ್ಲ, ಸೂಜಿಯ ಸುದ್ದಿ ಆ ಮನೆಗೆ ಗೊತ್ತಿಲ್ಲ, ನಾನು ಹೋಗುತ್ತಿದ್ದದ್ದು ಸಣ್ಣ ಮಗಳ ಡೋಸಿನ ನೆಪದಲ್ಲಿ. ಅಕ್ಕಾತಾಯಿಯ ಕಾರ್ಡು ನನ್ನ ಚೀಲದಲ್ಲೇ ಇರುತ್ತಿತ್ತು. ಅವಳು ಹೊರಗೆ ಕೂತದ್ದು ಕಂಡರೆ ಬಸ್ ಸ್ಟ್ಯಾಂಡಿಗೆ ಬಂದು ಮೂರು ಕೆಂಪು ಗೀಟು ಎಳೆದುಬಿಡುತ್ತಿದ್ದೆ. ಕಾಣದ ವಾರ ಶಾಂತಾಬಾಯಿಯೇ ಮಜ್ಜಿಗೆ ಕೊಡುತ್ತ, “ಮೊನ್ನಿ ಸೊಸಿ ಹೊರಗಿದ್ಲು, ಮೂರ ದಿನ ಅಡಗಿ ಮಾಡಿ ನನ್ನ ನಡಾ ಮುರೀತು,” ಎನ್ನುತ್ತಿದ್ದಳು. ಅದೂ ಗೀಟಾಗುತ್ತಿತ್ತು.

ಹೊರಗೆ ಕೂತಳೆಂದರೆ ಮುಟ್ಟಾಗಿದ್ದಾಳೆ. ಇಷ್ಟೇ ನನ್ನ ಬುದ್ಧಿ. ಆ ಶಿಕ್ಷೆಯನ್ನು ಯಾರಾದರೂ ಸುಮ್ಮಸುಮ್ಮನೆ ಬೇಡಿ ತೆಗೆದುಕೊಂಡಾರೆಂದು ನನ್ನ ತಲೆಗೆ ಹೊಳೆಯಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ್ದರೆ ಹೊಳೆಯುತ್ತಿತ್ತೇನೋ.

ಸೆಪ್ಟೆಂಬರದಲ್ಲಿ ಬರಬೇಕಾಗಿದ್ದ ಸೂಜಿಯ ಪೆಟ್ಟಿಗೆ ಬರಲಿಲ್ಲ. ಎಲ್ಲಿ ತಡೆಯಿತೋ, ಯಾವ ಆಫೀಸಿನಲ್ಲಿ ಯಾವ ರುಜು ಬೇಕಿತ್ತೋ, ದೇವರಿಗೇ ಗೊತ್ತು. ದಸರಾ ಹೋಯಿತು, ದೀಪಾವಳಿ ಬಂತು. ನಾನು ಪ್ರತಿ ಸೋಮವಾರ ಡಾಕ್ಟರ ಟೇಬಲ್ಲಿನ ಮುಂದೆ ನಿಂತು ಕೂಗಾಡುತ್ತಿದ್ದೆ. ಅವರೂ ದಿನಾ ಪತ್ರ ಬರೆದರು. ನವೆಂಬರ ಮೊದಲ ವಾರ ಪೆಟ್ಟಿಗೆ ಬಂದಾಗ ಆರು ವಾರ ಮೀರಿತ್ತು. ಅಷ್ಟು ತಡವಾದವರಿಗೆ ಒಂದು ನಿಯಮವಿತ್ತು. ನಡುವೆ ಮುಟ್ಟಾಗಿದ್ದರೆ ನೇರ ಸೂಜಿ ಹಾಕಬೇಕು. ಆಗಿರದಿದ್ದರೆ ಮೂತ್ರ ತಪಾಸಣೆ ಮಾಡಿ, ಬಸಿರಿಲ್ಲ ಎಂದು ಖಾತ್ರಿಯಾದ ಮೇಲೆ ಹಾಕಬೇಕು. ಅಕ್ಕಾತಾಯಿಯ ಕಾರ್ಡಿನಲ್ಲಿ ಅಕ್ಟೋಬರ ಹದಿನಾರು, ಹದಿನೇಳು, ಹದಿನೆಂಟಕ್ಕೆ ಮೂರು ಗೀಟು ಇದ್ದವು. ನಾನೇ ಎಳೆದದ್ದು. ನಾನೇ ನೋಡಿ, ನಾನೇ ಸೂಜಿ ಹಾಕಿದೆ.

ಆ ಸೂಜಿಯ ನಂತರ ಯೋಜನೆಯನ್ನೇ ಕೆಲವು ತಿಂಗಳು ನಿಲ್ಲಿಸಿದರು. ಶಾಂತಾಬಾಯಿ ಜೈನ ಕ್ಷೇತ್ರಗಳ ಯಾತ್ರೆಗೆಂದು ಉತ್ತರಕ್ಕೆ ಹೋಗಿ ಮೂರು ತಿಂಗಳು ಊರಲ್ಲಿರಲಿಲ್ಲ. ನಾನೂ ಖಾನಾಪುರಕ್ಕೆ ಹೋಗಲಿಲ್ಲ.

ಫೆಬ್ರುವರಿಯ ಒಂದು ಮಧ್ಯಾಹ್ನ ಅಕ್ಕಾತಾಯಿ ಒಬ್ಬಳೇ ಬಸ್ಸು ಹತ್ತಿ ಹಿಂದವಾಡಿಯ ನನ್ನ ಮನೆ ಹುಡುಕಿಕೊಂಡು ಬಂದಳು. ನೀರು ಕೂಡ ಕುಡಿಯಲಿಲ್ಲ.

“ಅಕ್ಕಾರ, ಹೊಟ್ಟ್ಯಾಗ ಏನೋ ಹೊಳ್ಳಾಡತೈತ್ರಿ.”

ಮಲಗಿಸಿ ಕೈ ಇಟ್ಟೆ. ಗರ್ಭ ಹೊಕ್ಕಳದವರೆಗೆ ಬಂದಿತ್ತು. ಐದು ತಿಂಗಳು.

“ಐದ ತಿಂಗಳಾತಲ್ಲೇ! ಮುಟ್ಟು ನಿಂತದ್ದು ತಿಳೀಲಿಲ್ಲೇನ ನಿನಗ?”

“ಸೂಜಿಗೆ ನಿಲ್ಲತೈತಿ ಅಂತ ನೀವ ಹೇಳಿದ್ರಲ್ರಿ.”

“ಅಕ್ಟೋಬರದಾಗ ಹೊರಗ ಕುಂತಿದ್ದಿ! ನಾ ಕಣ್ಣಾರೆ ನೋಡೇನಿ!”

“ಕುಂತಿದ್ನ್ರಿ. ಮುಟ್ಟಾಗಿರಲಿಲ್ಲ.” ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಸೂಜಿ ಹಾಕಿಸಿಕೊಂಡ ಮ್ಯಾಲೆ ಹೋದ ವರ್ಷ ಎರಡ ತಿಂಗಳ ಆಗಲಿಲ್ಲ, ಹೊರಗ ಕುಂದರಲಿಲ್ಲ. ಅತ್ತಿ ನಾ ಬಸುರ ಅಂತ ತಿಳದು ಬಸದಿಗೆ ಹೋಗಿ ಹರಕಿ ಹೊತ್ತ ಬಂದ್ರು. ಓಣ್ಯಾಗ ಎಲ್ಲಾರಿಗೂ ಹೇಳಿದ್ರು. ಇಲ್ಲ ಅಂತ ಹೆಂಗ ಹೇಳ್ಲಿ? ಆವತ್ತಿಂದ ತಿಂಗಳಾ ಮೂರ ದಿನ ಸುಮ್ನ ಹೋಗಿ ಕುಂದ್ರತಿದ್ನಿರಿ. ಅವರು ಯಾತ್ರಾಕ್ಕ ಹೋದ ಮ್ಯಾಲೆ ಬಿಟ್ಟೆ.”

ನನಗೆ ಕಪಾಳಕ್ಕೆ ಹೊಡೆಯಬೇಕೆನಿಸಿತು. ಅವಳ ಕಪಾಳಕ್ಕಲ್ಲ, ನನ್ನದಕ್ಕೆ. ನವೆಂಬರದಲ್ಲಿ ಒಂದು ಮಾತು ಕೇಳಿದ್ದರೆ ಮೂತ್ರ ತಪಾಸಣೆ ಆಗುತ್ತಿತ್ತು, ಆರೇಳು ವಾರದ ಬಸಿರು ಅಂದೇ ಸಿಗುತ್ತಿತ್ತು, ಅರ್ಧ ತಾಸಿನ ಕೆಲಸದಲ್ಲಿ ತೆಗೆಸಿ ಸಂಜೆಯ ಬಸ್ಸಿಗೆ ಕಳಿಸುತ್ತಿದ್ದೆ. ಅರವತ್ತು ಮಂದಿಯನ್ನು ಕೇಳಿದವಳು ಇವಳೊಬ್ಬಳನ್ನು ಕೇಳಲಿಲ್ಲ.

“ನಾ ಸಾಯ್ತೇನೇನ್ರಿ?” ಎಂದಳು.

“ಸುಮ್ನ ಕುಂದರ. ನಾ ಸತ್ತಿಲ್ಲ ಇನ್ನ,” ಎಂದೆ.

ಅವತ್ತೇ ಬಾಳಾಸಾಹೇಬ ಡಾಕ್ಟರ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಕಾರ್ಡು ಸುಳ್ಳು, ನಾನು ಕೇಳದೆ ಬರೆದೆ, ಬಸಿರು ಅದಕ್ಕಿಂತ ಮೂರೂವರೆ ವಾರವಾದರೂ ಹಳೆಯದು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಉಳಿದ ಅರವತ್ತು ಮಂದಿನ್ನ ಕೇಳೀರಿ, ಹೌದಲ್ರಿ?”

“ಕೇಳೇನ್ರಿ. ಇದೊಂದ ಹಿಂಗಾತು.”

“ಯಾರ ನಂಬತಾರ? ಒಂದು ಸುಳ್ಳಂದ್ರ ಎಲ್ಲಾ ಸುಳ್ಳ ಅಂತಾರ. ವರ್ಷದ ದುಡತ ಗಟಾರಕ್ಕ ಹೋಗತದ. ಈಕಿನ್ನೂ ಕೇಳೀರಿ ಅಂತ ತಿಳಕೊಳ್ಳೂಣು, ಗಂಗಾದೇವಿ.” ಮೆತ್ತಗೇ ಹೇಳಿದರು, ಬೇಡಿಕೊಳ್ಳುವವರ ಹಾಗೆ. ಸೂಜಿಯ ಹೆಸರು ಬಿಟ್ಟು ಕಾರ್ಡಿನ ಗೀಟಿನ ಬದಿಯನ್ನಷ್ಟೇ ನಕಲು ಮಾಡಿಸಿ, ಅಕ್ಕಾತಾಯಿಯ ಹೊಟ್ಟೆ ಕೊಯ್ದಿದ್ದ ಡಾಕ್ಟರಿಗೆ ಅವರೇ ಕಳಿಸಿದರು.

ಅದು ಒಂದು ಖಾಸಗಿ ಹೆರಿಗೆ ದವಾಖಾನೆ. ಡಾಕ್ಟರು ವಯಸ್ಸಾದವರು, ಕೈಗುಣದವರು, ಹಟಮಾರಿ. ಮಾರ್ಚಿನಲ್ಲಿ ಎಲ್ಲರೂ ಅವರ ಕೋಣೆಯಲ್ಲಿ ಕೂತೆವು: ಅಕ್ಕಾತಾಯಿ, ಉತ್ತಮ, ಯಾತ್ರೆಯಿಂದ ಮರಳಿದ್ದ ಶಾಂತಾಬಾಯಿ, ನಾನು. ಈಗ ತೆಗೆಯುವುದೂ ಅಷ್ಟೇ ಅಪಾಯ ಎಂದರು ಅವರು. ಇರುವುದೊಂದೇ ದಾರಿ, ಬ್ಯಾನಿ ಶುರುವಾಗುವ ಮೊದಲೇ ಕೊಯ್ದು ಮಗುವನ್ನು ತೆಗೆಯುವುದು. ತಾರೀಖು ಸರಿಯಾಗಿ ಹಿಡಿಯಬೇಕು. ಬಹಳ ಬೇಗ ಕೊಯ್ದರೆ ಮಗು ಉಳಿಯುವುದಿಲ್ಲ, ತಡವಾದರೆ ತಾಯಿ. ಕಾರ್ಡಿನ ಮೂರು ಗೀಟಿನಿಂದ ಎಣಿಸಿ ಜುಲೈ ಎಂಟು ಎಂದು ಬರೆದರು. ಉತ್ತಮ ಈ ಸಲ ಕೇಳಿದಲ್ಲೆಲ್ಲ ಸಹಿ ಮಾಡಿದ.

“ಡಾಕ್ಟರ, ಆ ತಾರೀಖಿಗೆ ಆಕಿ ಮುಟ್ಟಾಗಿರಲಿಲ್ರಿ,” ಎಂದೆ. “ಜೂನ ಮೊದಲನೇ ವಾರ ಹಿಡೀರಿ.”

ಶಾಂತಾಬಾಯಿ ನನ್ನ ಕಡೆ ತಿರುಗಿದಳು. “ಅಯ್ಯ ನರ್ಸಬಾಯಿ, ಏನ ಮಾತಂತ ಆಡ್ತೀರಿ! ದೀಪಾವಳಿ ಮುಂದ ಮೂರ ದಿನ ದೂರಿಂದ ತಾಟಿಗೆ ಹಾಕ್ಯಾಕಿ ನಾನು. ನಾಕನೇ ದಿನ ನೀರ ಕಾಸಿ ಕೊಟ್ಟಾಕಿ ನಾನು.”

ಮುದುಕಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರು ಅಕ್ಕಾತಾಯಿಯನ್ನೇ ಕೇಳಿದರು. “ನೀ ಹೇಳವ್ವಾ. ಅಕ್ಟೋಬರದಾಗ ಹೊರಗ ಕುಂತಿದ್ದೇನು?”

ಒಳಗೆ ಬರುವ ಮೊದಲು ಅವಳು ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು. ಸೂಜಿಯ ಸುದ್ದಿ ಹೊರಬಿದ್ದರೆ ತನ್ನನ್ನು ತವರಿಗೆ ಅಟ್ಟುತ್ತಾರೆ, ಮೂರು ಹುಡುಗಿಯರನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ ಎಂದಿದ್ದಳು. ಈಗ ನೆಲ ನೋಡುತ್ತ ಕೂತಳು. ಹೇಳೇ, ಹೇಳೇ ಎಂದು ನಾನು ಮನಸ್ಸಿನಲ್ಲೇ ಒದರಿಕೊಂಡೆ.

“ಕುಂತಿದ್ನಿರಿ,” ಎಂದಳು.

ಎರಡು ದಿನ ಬಿಟ್ಟು ನಾನೊಬ್ಬಳೇ ಆ ಡಾಕ್ಟರ ಬಳಿ ಹೋದೆ. ಭಾಷೆ ಮುರಿದು ಸೂಜಿಯದೂ, ಸುಳ್ಳು ಕೂತದ್ದೂ ಎಲ್ಲ ಹೇಳಿದೆ. ಅವರು ಕಾರ್ಡನ್ನು ನನ್ನ ಮುಂದೆ ಸರಿಸಿದರು.

“ಈ ಅಕ್ಷರ ಯಾರದು?”

“ನಂದರಿ.”

“ಬರದಾಕಿ ನೀನು. ನೋಡಿದಾಕಿ ಆಕಿ ಅತ್ತಿ. ಒಪ್ಪಿದಾಕಿ ಖುದ್ದ ಆಕಿ. ಈಗ ನೀ ಒಬ್ಬಾಕಿ ಬಂದು ಸುಳ್ಳ ಅಂತಿ. ಹೊಟ್ಟಿ ದೊಡ್ಡದು ಕಾಣತದ ಖರೇ, ನೀರ ಹೆಚ್ಚಿಗಿ ಇದ್ರೂ ಕಾಣತದ. ನಿನ್ನ ಮಾತ ಕೇಳಿ ತಿಂಗಳ ಮೊದಲ ಕೊಯ್ದು ಕೂಸು ಸತ್ರ, ಆ ಮನಿಗೆ ನೀ ಜವಾಬ ಕೊಡ್ತೀಯೇನು?”

ಕೊಡುತ್ತೇನೆ ಎಂದೆ. ಅವರು ಗಂಟೆ ಬಾರಿಸಿ ಮುಂದಿನವರನ್ನು ಕರೆದರು. ನನಗೆ ಬರುವ ಬೈಗುಳವನ್ನೆಲ್ಲ ಮೆಟ್ಟಿಲು ಇಳಿಯುತ್ತ ಬೈದೆ. ಕೇಳಿಸಿಕೊಂಡವನು ಕಾವಲುಗಾರ ಒಬ್ಬನೇ.

ಜೂನ್ ಹುಟ್ಟಿದ ಮೇಲೆ ಕೆಲಸವಿರಲಿ ಇಲ್ಲದಿರಲಿ, ಎರಡು ದಿನಕ್ಕೊಮ್ಮೆ ಖಾನಾಪುರಕ್ಕೆ ಹೋಗತೊಡಗಿದೆ. ಈಗಲೇ ಬೆಳಗಾವಿಗೆ ಬಂದು ನನ್ನ ಮನೆಯಲ್ಲಿರು ಎಂದು ಅಕ್ಕಾತಾಯಿಗೆ ಗೋಗರೆದೆ. ಜುಲೈ ಒಂದಕ್ಕೆ ಕರೆದುಕೊಂಡು ಬರುತ್ತೇವೆ ಎಂದ ಉತ್ತಮ. ಡಾಕ್ಟರ ಚೀಟಿಯನ್ನು ಕ್ಯಾಲೆಂಡರಿಗೆ ಪಿನ್ನು ಚುಚ್ಚಿ ಇಟ್ಟಿದ್ದ. ಶಾಂತಾಬಾಯಿ ಸೊಸೆಗೆ ದಿನಾ ತುಪ್ಪ, ಹಣ್ಣು ತಿನ್ನಿಸುತ್ತಿದ್ದಳು, ಒಂದು ಕೊಡ ನೀರು ಎತ್ತಲು ಬಿಡುತ್ತಿರಲಿಲ್ಲ. ಆ ಮುದುಕಿಯನ್ನು ದ್ವೇಷಿಸಬೇಕೆಂದು ನಾನು ಬಹಳ ಪ್ರಯತ್ನ ಮಾಡಿದೆ.

ಜೂನ್ ಇಪ್ಪತ್ತು, ಗುರುವಾರ. ಹತ್ತು ಗಂಟೆಗೆ ಆ ಮನೆಯ ಹೊಸ್ತಿಲು ದಾಟಿದೆ. ಅಕ್ಕಾತಾಯಿ ಗೋಡೆ ಹಿಡಿದು ನಿಂತಿದ್ದಳು. ಮುಖದ ಮೇಲೆಲ್ಲ ಬೆವರು.

“ಯಾವಾಗಿಂದ?”

“ಮುಂಜಾನೆ ಕೋಳಿ ಕೂಗೂ ಹೊತ್ತಿಂದ,” ಎಂದಳು ಶಾಂತಾಬಾಯಿ, ಜೀರಿಗೆ ಕಷಾಯ ಆರಿಸುತ್ತ. “ಕಳ್ಳ ಬ್ಯಾನಿ ಅವು. ಇನ್ನ ಒಂಬತ್ತ ತುಂಬಿಲ್ಲ. ಡಾಕ್ಟರ ಚೀಟಿ ಅಲ್ಲೈತಿ ನೋಡ್ರಿ, ಜುಲೈ ಎಂಟು.”

ಐದು ತಾಸು! ನಾನು ಆ ಮನೆಯಲ್ಲಿ ಹೇಗೆ ಕಿರು‍ಚಿದೆನೆಂದರೆ ಬಾಜೂ ಮನೆಯವರೆಲ್ಲ ಓಡಿಬಂದರು. ಚೀಟಿ ಕಿತ್ತು ಒಲೆಗೆ ಹಾಕಿದೆ. ಭಟ್ಟಿಗೆ ಯಾರನ್ನೋ ಓಡಿಸಿದೆ. ಉತ್ತಮ ಹಂಚು ಸಾಗಿಸುವ ಟೆಂಪೋ ತರಿಸಿದ, ಅದರಲ್ಲಿದ್ದ ಹಂಚನ್ನು ಇಳಿಸಲು ಇನ್ನರ್ಧ ತಾಸು ಹೋಯಿತು. ಗಾದಿ ಹಾಸಿ ಅಕ್ಕಾತಾಯಿಯನ್ನು ಮಲಗಿಸಿದೆವು. ಡ್ರೈವರ ಬಸಯ್ಯನ ಬಾಜೂ ಉತ್ತಮ, ಹಿಂದೆ ನಾನು, ಶಾಂತಾಬಾಯಿ.

ಬ್ಯಾನಿ ಎರಡು ನಿಮಿಷಕ್ಕೊಮ್ಮೆ ಬರುತ್ತಿದ್ದವು. ಪ್ರತಿ ಸಲವೂ ಅವಳು ನನ್ನ ತೋಳು ಹಿಡಿಯುತ್ತಿದ್ದಳು. ನಾನು ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ, ನನ್ನ ಕೈ ಏನನ್ನೋ ತಡೆಯುತ್ತದೆ ಎನ್ನುವ ಹಾಗೆ. ದೇಸೂರಿನ ಹತ್ತಿರ ಒಂದು ಸಲ ಜೋರಾಗಿ ಚೀರಿದಳು. ಆಮೇಲೆ ನನ್ನ ತೋಳಿನ ಮೇಲಿನ ಬಿಗಿ ಸಡಿಲಾಯಿತು. ಕಣ್ಣು ತೆರೆದಳು.

“ಅಕ್ಕಾರ, ಬ್ಯಾನಿ ನಿಂತ್ವು. ಒಮ್ಮಿಗೇ ನಿಂತ್ವು ನೋಡ್ರಿ. ಎಷ್ಟ ಹಗರಾತು.”

ಶಾಂತಾಬಾಯಿ ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡಳು. “ನಾ ಹೇಳಲಿಲ್ಲೇನ್ರಿ, ಕಳ್ಳ ಬ್ಯಾನಿ ಅಂತ! ನನ್ನ ಜೀವಾ ಬಾಯಿಗೆ ಬಂದಿತ್ತು.” ಮುಂದಕ್ಕೆ ಬಾಗಿ ಕಿಂಡಿಯಲ್ಲಿ ಕೂಗಿದಳು. “ಬಸಯ್ಯಾ, ಸಾವಕಾಶ ಹೋಗೋ ಯಪ್ಪಾ. ಇನ್ನ ಅವಸರಿಲ್ಲ, ಹುಡಿಗಿ ಮೈ ಕುಲುಕತೈತಿ.”

ಕೊಯ್ದ ಹೊಟ್ಟೆಯಲ್ಲಿ ಬ್ಯಾನಿ ಹೀಗೆ ಒಮ್ಮೆಲೇ ನಿಂತರೆ ಒಳಗೆ ಹರಿದಿದೆ ಎಂದು ಅರ್ಥ. ನನ್ನ ಕೈಯ ಕೆಳಗೆ ಹೊಟ್ಟೆಯ ಆಕಾರವೇ ಬದಲಾಗಿತ್ತು, ಕೂಸಿನ ಕಾಲು ಚರ್ಮಕ್ಕೇ ಹತ್ತಿದಂತೆ ಸಿಗುತ್ತಿತ್ತು. ನಾಡಿ ಎಣಿಸಲಾಗದಷ್ಟು ಜೋರಾಗಿ ಓಡುತ್ತಿತ್ತು. “ಬಸಯ್ಯಾ, ಓಡಿಸೋ! ಓಡಿಸೋ!” ಎಂದು ನಾನು ಕಬ್ಬಿಣಕ್ಕೆ ಗುದ್ದಿದೆ.

“ಯಾಕ್ರಿ ಅಕ್ಕಾರ? ಈಗ ಆರಾಮ ಅದೀನ್ರಿ.” ತುಟಿ ಬಿಳಿಚಿತ್ತು, ಆದರೂ ನಗುತ್ತಿದ್ದಳು. “ನೀವ ಅಳಬ್ಯಾಡ್ರಿ. ನಿದ್ದಿ ಬರಾಕತ್ತೈತಿ. ಮಲಗಲೇನ್ರಿ?”

ಶಾಂತಾಬಾಯಿ ತನ್ನ ಸೆರಗನ್ನು ಮಡಿಚಿ ಸೊಸೆಯ ತಲೆಯ ಕೆಳಗೆ ಇಡುತ್ತಿದ್ದಳು. ಬೇಡ ಎಂದರೂ ಏನೂ ಆಗುತ್ತಿರಲಿಲ್ಲ.

“ಮಲಗವ್ವಾ,” ಎಂದೆ. ಬೆಳಗಾವಿ ಇನ್ನೂ ಏಳೆಂಟು ಮೈಲಿ ಇತ್ತು.